ಲಕ್ಕಯ್ಯ ಹಂಚಿಕೊಟ್ಟ ಅರ್ಧ ಮಾತ್ರೆ

ಕುಡಿತದ ಲಿವರ್ ಕಾಯಿಲೆಗೆ ಹೊಸ ಮಾತ್ರೆ ಪರೀಕ್ಷಿಸುತ್ತಿರುವ ಘಟಕದ ಮುಖ್ಯಸ್ಥರೇ,

ನಾನು ಲೆಕ್ಕ ಬರೆಯುವ ಎಸ್ಟೇಟಿನ ಲಕ್ಕಯ್ಯನನ್ನು ನಿಮ್ಮ ಪರೀಕ್ಷೆಯಿಂದ ಹೊರಗೆ ಹಾಕಿದ್ದೀರಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಐದು ತಿಂಗಳು ಅವನಿಗೆ ಕೊಟ್ಟದ್ದು ಔಷಧಿಯೋ, ಔಷಧಿಯಿಲ್ಲದ ಹುಸಿ ಮಾತ್ರೆಯೋ ಎಂದು ಕೇಳಿದರೆ, '2005ರಲ್ಲಿ ಪರೀಕ್ಷೆ ಮುಗಿದ ಮೇಲೆ ತಿಳಿಸಲಾಗುವುದು' ಎಂದು ಬರೆದಿದ್ದೀರಲ್ಲ, ನನ್ನ ಜಗಳ ಅದರ ಮೇಲೆ.

ಲಕ್ಕಯ್ಯ, ಗುರುವಯ್ಯ ಇಬ್ಬರೂ ಮಲ್ಲಂದೂರಿನ ನಮ್ಮ ಕಾಫಿ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಸವರುವವರು. ಒಂದೇ ಏಣಿ, ಒಂದೇ ಬುತ್ತಿ, ಸಂಜೆ ಒಂದೇ ಸಾರಾಯಿ ಪ್ಯಾಕೆಟ್. ಕಣ್ಣು ಹಳದಿಯಾದದ್ದೂ ಒಂದೇ ಮಳೆಗಾಲದಲ್ಲಿ. ಇಬ್ಬರನ್ನೂ ಜೀಪಿನಲ್ಲಿ ನಿಮ್ಮಲ್ಲಿಗೆ ಕರೆತಂದೆ. ಲಕ್ಕಯ್ಯನನ್ನು ಸೇರಿಸಿಕೊಂಡಿರಿ. ಗುರುವಯ್ಯನ ಕಾಯಿಲೆ ಮಿತಿ ಮೀರಿದೆ, ಪರೀಕ್ಷೆಗೆ ಒಗ್ಗುವುದಿಲ್ಲ ಎಂದು ವಾಪಸು ಕಳಿಸಿದಿರಿ. ನಿಮಗೆ ಬೇಕಾದದ್ದು ಹದವಾದ ರೋಗಿ ಎಂದು ನಮಗೆ ಅಂದು ತಿಳಿಯಿತು.

ಇಬ್ಬರೂ ಕುಡಿತ ಬಿಟ್ಟರು. ಲಕ್ಕಯ್ಯ ದಿನಾ ಮಾತ್ರೆಯನ್ನು ಕತ್ತಿಯಲ್ಲಿ ಎರಡು ಹೋಳು ಮಾಡುತ್ತಿದ್ದನಂತೆ. ಐದನೇ ತಿಂಗಳು ನಿಮ್ಮ ನರ್ಸ್ "ಎಲ್ಲಾ ನುಂಗಿದ್ರಾ?" ಎಂದು ಕೇಳಿದಾಗ, "ಅರ್ಧ ನಾನು, ಅರ್ಧ ಗುರುವ" ಎಂದ.

"ಅಯ್ಯೋ, ಅವರಿಗ್ಯಾಕೆ ಕೊಟ್ರಿ?"

"ಅವ್ನಿಗೂ ಅದೇ ಕಾಯಿಲೆ ಅಲ್ವಾ ಅಮ್ಮಾ. ನಾನೊಬ್ನೇ ನುಂಗಿ ಅವ್ನ ಮುಖ ಹೆಂಗೆ ನೋಡ್ಲಿ?"

ಅಂದೇ ಅವನ ಹೆಸರು ಹೊಡೆದುಹಾಕಿದಿರಿ. ಖಾಲಿ ಡಬ್ಬಿ ತೋರಿಸಿ ಸುಳ್ಳು ಹೇಳಿದ್ದರೆ ಉಳಿಯುತ್ತಿದ್ದ, ಅಲ್ಲವೇ?

ಹೋದ ತಿಂಗಳು ಗುರುವಯ್ಯ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡ. ಅಂದಿನಿಂದ ಲಕ್ಕಯ್ಯ ಮರ ಹತ್ತಿಲ್ಲ. "ರೈಟ್ರೇ, ಅದು ಔಷಧಿನೇ ಆಗಿದ್ರೆ, ಪೂರ್ತಿ ಕೊಟ್ಟಿದ್ರೆ ಬದುಕ್ತಿದ್ನಾ? ಇಲ್ಲ, ಆಗದ್ದನ್ನ ತಿನ್ಸಿ ನಾನೇ ಕೊಂದ್ನಾ?"

"ಬರೀ ಹಿಟ್ಟಿನ ಮಾತ್ರೆ ಇರ್ಬೇಕು ಮಾರಾಯ" ಎಂದೆ.

"ನೀವು ನೋಡಿದ್ರಾ?"

ಮೊನ್ನೆಯಿಂದ ಅವನು ಮತ್ತೆ ಸಾರಾಯಿ ಹಿಡಿದಿದ್ದಾನೆ.

ತಪ್ಪು ನನ್ನದೂ ಇದೆ. ನಿಮ್ಮ ಇಂಗ್ಲಿಷ್ ಒಪ್ಪಿಗೆ ಪತ್ರದ ಆರು ಪುಟಗಳನ್ನು, ಜೀಪು ಹೊರಡುವ ಆತುರದಲ್ಲಿ, ಆರು ಮಾತಿಗಿಳಿಸಿ ಹೇಳಿದವನು ನಾನು. ಬೇರೆಯವರಿಗೆ ಕೊಡಬಾರದು ಎಂಬುದು ಆ ಆರರಲ್ಲಿ ಇರಲಿಲ್ಲ. ಅವನಿಗೆ ಏನು ಅರ್ಥವಾಯಿತೆಂದು ನಿಮ್ಮವರೂ ಕೇಳಲಿಲ್ಲ.

ಹೊಸ ಔಷಧಿ ಹುಡುಕಬೇಡಿ ಅನ್ನುವಷ್ಟು ದಡ್ಡ ನಾನಲ್ಲ. ನಮ್ಮ ಕೂಲಿಯವರ ಲೈನ್ ಮನೆಗಳಿಗೆ ಅದು ಬೇಕೇ ಬೇಕು. ಯಾರಿಗೆ ಯಾವ ಮಾತ್ರೆ ಎಂಬುದು ಗುಟ್ಟಾಗಿರಬೇಕೆಂದೂ ಬಲ್ಲೆ. ಆದರೆ ಪಟ್ಟಿಯಲ್ಲೇ ಇಲ್ಲದವನ ಗುಟ್ಟನ್ನು ಯಾರಿಗಾಗಿ ಕಾಯುತ್ತಿದ್ದೀರಿ? ಹೀಗೆ ಕುಡಿದರೆ ಅವನು 2005 ನೋಡುವುದಿಲ್ಲ. ಅವನಿಗೆ ಕೊಟ್ಟದ್ದು ಯಾವ ಮಾತ್ರೆ ಎಂದು ಬರೆದು ಮುಚ್ಚಿಟ್ಟ ಲಕೋಟೆ ಒಡೆಯಿರಿ. ಒಳಗಿರುವುದನ್ನು ಕಾಗದದಲ್ಲಿ ಬರೆದು ಕಳಿಸಬೇಡಿ, ಓದಿ ಹೇಳುವ ನನ್ನನ್ನು ಅವನು ಇನ್ನು ನಂಬುವುದಿಲ್ಲ. ನಿಮ್ಮಲ್ಲೊಬ್ಬ ವೈದ್ಯರು ಬಂದು, ಅವನೆದುರು ಕೂತು, ಕನ್ನಡದಲ್ಲಿ ಹೇಳಲಿ.

ಇಂತಿ,
ಸಮಾಧಾನ ಹೇಳಲು ಹೋಗಿ ಸೋತ,
ಓಂಕಾರಮೂರ್ತಿ, ಎಸ್ಟೇಟ್ ರೈಟರ್
ಮಲ್ಲಂದೂರು, ನವೆಂಬರ್ 2003