ಬಿಟ್ಟು ಓದಿದ ಸಾಲು

ಚನ್ನರಾಯಪಟ್ಟಣ
೯ನೇ ಫೆಬ್ರವರಿ ೧೯೪೧

ಗೆಳತಿ ಪುಟ್ಟತಾಯಿಗೆ ನೀಲಾಂಬಿಕೆಯ ಶರಣು.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಅವರೆಕಾಯಿ ಕಾಲದಲ್ಲಿ ಹೆಂಗಸರ ಕೈಗೆ ಲೇಖನಿ ಹಿಡಿಯುವ ಪುರಸೊತ್ತೆಲ್ಲಿ? ಬೆಳಗಾದರೆ ಒಂದು ಕುಕ್ಕೆ ಕಾಯಿ ಸುಲಿಯುವುದು, ನೆನೆಹಾಕುವುದು, ಹಿದುಕುವುದು. ಹೆಬ್ಬೆರಳಿನ ಉಗುರು ಹಸಿರಾಗಿ ಹೋಗಿದೆ. ನೀನು ಬರೆದಂತೆ ಹಿದುಕಿದ ಬೇಳೆಯನ್ನು ಮೊದಲು ಒಗ್ಗರಣೆಯಲ್ಲಿ ಬಾಡಿಸಿ ಆಮೇಲೆ ನೀರು ಬಿಟ್ಟೆ. ಒಂದು ಬೇಳೆಯೂ ಒಡೆಯಲಿಲ್ಲ. ಇದಕ್ಕೆ ಪ್ರತಿಯಾಗಿ ನನ್ನದೊಂದು ಕೇಳು: ಅಕ್ಕಿರೊಟ್ಟಿಯ ಹಿಟ್ಟಿಗೆ ಒಂದು ಹಿಡಿ ಅನ್ನ ಹಿಸುಕಿ ಹಾಕು, ರೊಟ್ಟಿ ಆರಿದ ಮೇಲೂ ಮೆತ್ತಗಿರುತ್ತದೆ. ಅರಕಲಗೂಡಿನ ರೇವಮ್ಮನಿಗೂ ತಿಳಿಸು. ಹಾಸನದ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತ ಮೂವರು ಮೂರು ಊರಿನ ಒಲೆಗಳ ಮುಂದೆ ಕೂತಿದ್ದೇವೆ. ಈ ಕಾಗದಗಳೂ ಇಲ್ಲದಿದ್ದರೆ ಹೊಗೆಯೊಂದೇ ಗತಿ.

ನಿನ್ನ ಕಾಗದಕ್ಕೆ ನನಗಿಂತ ಹೆಚ್ಚು ಕಾಯುವವರು ನಮ್ಮ ಮಾವನವರು. ಅಂಚೆಯವನು ಬಂದರೆ ಸಾಕು, ಅಂಗಡಿ ಬಿಟ್ಟು ಒಳಕ್ಕೆ ಬರುತ್ತಾರೆ. "ಏನವ್ವಾ ನೀಲಾ, ಒಳೆನರಸೀಪುರದಿಂದ ಇವತ್ತೇನ್ ಅಡುಗೆ ಬಂದದೆ? ಓದು, ಓದು. ಒಟ್ಟೆಗೆ ಆಮೇಲೆ, ಮೊದಲು ಕಿವಿಗೆ ಬಡಿಸು" ಎನ್ನುತ್ತಾರೆ. ಅತ್ತೆಯವರು ಕಂಬಕ್ಕೊರಗಿ, "ಎಪ್ಪತ್ತಾದ್ರೂ ಈ ನಾಲ್ಗೆ ಚಪಲ ನೋಡು. ಸೊಸೆ ಓದ್ತಾವ್ಳೆ, ಮಾವ ಜೊಲ್ಲು ಸುರುಸ್ತಾವ್ರೆ" ಎಂದು ಹಂಗಿಸುತ್ತಾರೆ. ಆದರೆ ಅವರೂ ಎದ್ದು ಹೋಗುವುದಿಲ್ಲ.

ಸೋರೆಕಾಯಿಯ ಹುಚ್ಚೆಳ್ಳು ಗೊಜ್ಜು ಮಾಡುವ ಬಗೆ ಕೇಳಿಯೇ ಇಬ್ಬರಿಗೂ ಹಿಡಿಸಿತು. ಒಂದು ಸಾಲನ್ನು ಮಾತ್ರ ಬಿಟ್ಟು ಓದಿದೆ. "ಹೆಚ್ಚುವ ಮೊದಲು ಒಂದು ಚೂರು ಕಚ್ಚಿ ನೋಡು, ಮರೆಯಬೇಡ" ಎಂದು ಬರೆದಿದ್ದೀಯಲ್ಲ, ಅದನ್ನು. ನಮ್ಮ ಮನೆ ನಿನಗೆ ಗೊತ್ತಲ್ಲ. ಲಿಂಗಕ್ಕೆ ತೋರಿಸುವ ಮೊದಲು ಅಡುಗೆಯದು ಒಂದು ಹರಳು ಉಪ್ಪೂ ನಾಲಗೆಗೆ ತಾಗಬಾರದು. ಅತ್ತೆಯವರು ಸಾರಿನ ಉಪ್ಪನ್ನು ಕುದಿಯುವ ವಾಸನೆಯಲ್ಲೇ ಹೇಳುತ್ತಾರೆ. ಕಚ್ಚಿ ನೋಡು ಎಂಬ ಮಾತು ಕಿವಿಗೆ ಬಿದ್ದಿದ್ದರೆ ಅಂದಿಗೇ ನಿನ್ನ ಕಾಗದಗಳು ನಿಲ್ಲುತ್ತಿದ್ದವು.

ಮಾವನವರ ಅಪ್ಪಣೆಯಾಗಿದೆ: "ಗೊಜ್ಜು ಯೋಳ್ಕೊಟ್ಟವ್ಳೇ ಕಾಯೂ ಕಳುಸ್ಬೇಕು." ಹಸಿ ತರಕಾರಿಗೆ ಮೈಲಿಗೆಯಿಲ್ಲ ಎಂದು ಅತ್ತೆಯವರೂ ಒಪ್ಪಿದ್ದಾರೆ. ನಿನ್ನ ಚಪ್ಪರದಿಂದ ಒಂದು ಎಳೆಯ ಕಾಯನ್ನು ಬಸ್ಸಿನಲ್ಲಿ ಕಳುಹಿಸು.

ಇಂತು ನಿನ್ನ
ನೀಲಾ


ಚನ್ನರಾಯಪಟ್ಟಣ
೨೦ನೇ ಜುಲೈ ೧೯೪೧

ಪುಟ್ಟತಾಯಿಗೆ,

ಕ್ಷೇಮವೇ ಎಂದು ಕೇಳುವ ಅರ್ಹತೆ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಐದು ತಿಂಗಳು ಬರೆಯಲಿಲ್ಲ. ಹತ್ತು ಸಲ ಕಾಗದ ಮುಂದಿಟ್ಟುಕೊಂಡು ಕೂತೆ. ತಾರೀಖು ಬರೆದ ಮೇಲೆ ಕೈ ನಿಲ್ಲುತ್ತಿತ್ತು.

ಮೊನ್ನೆ ರೇವಮ್ಮನ ಕಾರ್ಡು ಬಂತು. ನೀನು ಸೋರೆ ಬಳ್ಳಿಯನ್ನು ಬೇರು ಸಮೇತ ಕಿತ್ತು ಚಪ್ಪರ ಇಳಿಸಿದೆಯಂತೆ. ಅಷ್ಟೇ ಆಗಿದ್ದರೆ ನಾನು ಇಂದೂ ಬರೆಯುತ್ತಿರಲಿಲ್ಲವೇನೋ. ನೀನು ಒಲೆಯ ಮುಂದೆ ಕೂರುವುದನ್ನೇ ಬಿಟ್ಟಿದ್ದೀಯಂತೆ. "ನನ್ನ ಕೈಯಿಂದ ಯಾರ್ಗೂ ಬಡ್ಸಕಿಲ್ಲ, ಈ ಕೈ ಒಂದು ಜೀವ ತಿಂದದೆ" ಎಂದೆಯಂತೆ. ಅದನ್ನು ಓದಿ ಕಾರ್ಡನ್ನು ನೆಲದ ಮೇಲಿಟ್ಟೆ.

ಅಂದು ಏನಾಯಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ನಾನು ಹೇಳುತ್ತೇನೆ.

ಶಿವರಾತ್ರಿ ಕಳೆದು ನಾಲ್ಕು ದಿನವಾಗಿತ್ತು. ನಿನ್ನ ಕಾಯಿ ಬಂತು. ತಿಳಿಹಸಿರು, ಮೈಮೇಲೆ ನವಿರು ರೋಮ, ಉಗುರು ತಾಗಿದರೆ ನೀರೊಡೆಯುವಷ್ಟು ಎಳೆಯದು. ಮಾವನವರು ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, "ಒಳೆನರಸೀಪುರದ ನೀರೇ ಬ್ಯಾರೆ ಕಣವ್ವ" ಎಂದು ತಟ್ಟಿದರು. ನೀನು ಬರೆದಂತೆಯೇ ಮಾಡಿದೆ. ಹುಚ್ಚೆಳ್ಳು ಹುರಿದು ಪುಡಿ ಮಾಡಿ, ಹುಣಸೆಹಣ್ಣು, ಬೆಲ್ಲ, ಬೆಳ್ಳುಳ್ಳಿಯ ಒಗ್ಗರಣೆ.

ಮಾವನವರು ಪೂಜೆ ಮುಗಿಸಿ ಮೊದಲ ಪಂಕ್ತಿಗೆ ಒಬ್ಬರೇ ಕೂತರು. ಅದು ನಮ್ಮ ಮನೆಯ ಪದ್ಧತಿ. ರೊಟ್ಟಿಯ ಪಕ್ಕಕ್ಕೆ ಒಂದು ಸೌಟು ಗೊಜ್ಜು ಬಡಿಸಿದೆ. ಸಾಲದೆಂದು ಇನ್ನೊಂದು ಸೌಟು ಬಡಿಸಿಕೊಂಡರು. ಲಿಂಗಕ್ಕೆ ತೋರಿಸಿ ಕಣ್ಣಿಗೊತ್ತಿಕೊಂಡು ಮೊದಲ ತುತ್ತು ಬಾಯಿಗಿಟ್ಟರು. ಅಲ್ಲಿಗೆ ಅವರ ದವಡೆ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ತಲೆ ಬಗ್ಗಿಸಿ ಊಟ ಮುಂದುವರಿಸಿದರು.

ಅತ್ತೆಯವರು, "ಎಂಗದೆ?" ಎಂದರು.

"ನಿಂಗ್ಯಾಕೆ? ಇವತ್ತು ಇದನ್ನ ಯಾರ್ಗೂ ಕೊಡಕಿಲ್ಲ. ಮುಚ್ಚಿಡವ್ವ ನೀಲಾ, ಉಳಿದಿದ್ದೆಲ್ಲಾ ಸಾಯಂಕಾಲಕ್ಕೆ ನಂಗೇ ಇರ್ಲಿ."

"ಅಯ್ಯೋ ಒಟ್ಟೆಬಾಕ! ಮಗ ಈಶ್ವರಯ್ಯಂಗ್ ಬ್ಯಾಡ್ವಾ, ಮೊಮ್ಮಕ್ಕಳ್ಗ್ ಬ್ಯಾಡ್ವಾ?"

"ಅವ್ರು ಮೊಸರನ್ನ ತಿನ್ಲಿ."

ಎಲ್ಲರೂ ನಕ್ಕೆವು. ಅವರು ತಟ್ಟೆಯಲ್ಲಿ ಒಂದು ಚೂರೂ ಬಿಡಲಿಲ್ಲ. ಪ್ರಸಾದವಾದ ಮೇಲೆ ಬಿಡುವಂತಿಲ್ಲ. ಎಂದಿನ ಹಾಗೆ ತಟ್ಟೆ ತೊಳೆದ ನೀರನ್ನೂ ಕುಡಿದು ಎದ್ದರು.

ಒಂದು ಗಂಟೆಯೊಳಗೆ ವಾಂತಿ ಶುರುವಾಯಿತು. ಮೂರು ಗಂಟೆಯ ಹೊತ್ತಿಗೆ ವಾಂತಿಯಲ್ಲಿ ರಕ್ತ ಬಂತು. ಆಸ್ಪತ್ರೆಯಿಂದ ಡಾಕ್ಟರನ್ನು ಕರೆತಂದರು. ಅವರು ಪಾತ್ರೆಯಲ್ಲಿದ್ದ ಗೊಜ್ಜನ್ನು ಬೆರಳ ತುದಿಗೆ ಹಚ್ಚಿ ನಾಲಗೆಗೆ ಮುಟ್ಟಿಸಿ ಥೂ ಎಂದು ಉಗುಳಿದರು. "ಇಷ್ಟು ಕಹಿ ಇರೋದನ್ನ ಯಜಮಾನರು ಹೇಗಪ್ಪ ತಿಂದರು?" ಎಂದು ಕೇಳಿದರು. ನಮ್ಮ ಮನೆಯವರು, "ಲಿಂಗಕ್ಕೆ ತೋರ್ಸಿದ ಮ್ಯಾಲೆ ಬಿಡಂಗಿಲ್ಲ ಸಾ" ಎಂದರು. ಒಂದೇ ಬಳ್ಳಿಯಲ್ಲಿ ಹತ್ತು ಕಾಯಿ ಸಿಹಿಯಿದ್ದರೂ ಬಿಸಿಲಿಗೆ ಒಂದು ಹೀಗೆ ವಿಷವಾಗುವುದುಂಟು, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ ಎಂದು ಡಾಕ್ಟರು ಹೋಗುವಾಗ ಹೇಳಿದರು. ಆ ಮಾತನ್ನು ಯಾರೂ ನಿನಗೆ ತಲುಪಿಸಲಿಲ್ಲ. ನೀನು ಕೇಳಬೇಕಾದದ್ದು ಅದೊಂದೇ ಮಾತು.

ಸಾಯಂಕಾಲ ಮಾವನವರು ಕಣ್ಣು ಬಿಟ್ಟು ನನ್ನನ್ನು ಹತ್ತಿರ ಕರೆದರು. ಎಲ್ಲರೂ ಸುತ್ತ ಇದ್ದರು.

"ರುಚಿ ನೋಡಿದ್ಯಾ ನೀಲಾ?"

"ಇಲ್ಲ ಮಾವಯ್ಯ, ಎಲ್ಲಾದ್ರೂ ಉಂಟೆ" ಎಂದೆ.

ಅತ್ತೆಯವರು ಅಳುತ್ತಲೇ, "ನನ್ನ ಸೊಸೆ ಅಂಥವ್ಳಲ್ಲ, ಅದ್ನ ಯಾಕ್ ಕೇಳ್ತೀರಿ?" ಎಂದರು. ಮಾವನವರು ಆಯಿತು ಎನ್ನುವಂತೆ ಕೈ ಆಡಿಸಿದರು. ಮರುದಿನ ಬೆಳಗ್ಗೆ ಶಿವಾಧೀನರಾದರು.

ಹನ್ನೊಂದನೆಯ ದಿನ ನೀನು ನಿನ್ನ ಮನೆಯವರು ರಂಗಸ್ವಾಮಿಯವರ ಜೊತೆ ಬಂದೆ. ಅತ್ತೆಯವರು ಬಾಗಿಲಿಗೆ ಅಡ್ಡ ನಿಂತು, "ಕಳ್ಸಿದ್ದು ಸಾಕಾಗ್ಲಿಲ್ವಾ ತಾಯಿ? ಈಗ ಮಡ್ಲಲ್ಲಿ ಇನ್ನೇನ್ ತಂದಿದ್ದೀಯ?" ಎಂದರು. ನೀನು, "ದೇವ್ರಾಣೆ ಅಮ್ಮ, ನಾವೂ ಅದೇ ಬಳ್ಳಿ ಕಾಯಿ ತಿಂದಿದೀವಿ. ನೀಲಾ ಒಳಗವ್ಳಾ? ಅವ್ಳನ್ನ ಒಂದ್ಸಲ ನೋಡ್ಕೊಂಡ್ ಓಯ್ತೀನಿ" ಎಂದೆ. "ಅವ್ಳು ನಿನ್ ಮುಖ ನೋಡಕಿಲ್ಲ" ಎಂದು ಬಾಗಿಲು ಎಳೆದುಕೊಂಡರು.

ನಾನು ಆ ಬಾಗಿಲ ಹಿಂದೆಯೇ ಇದ್ದೆ ಪುಟ್ಟತಾಯಿ. ಕೆಳಗಿನ ಸಂದಿಯಲ್ಲಿ ನಿನ್ನ ಪಾದ ಕಾಣುತ್ತಿತ್ತು. ಬಸ್ಸಿನ ಧೂಳು ಮೆತ್ತಿದ ಪಾದ. ಅದು ತಿರುಗಿ ಹೋಗುವವರೆಗೂ ನೋಡುತ್ತಾ ನಿಂತೆ.

ಈ ಮನೆಯಲ್ಲಿ ಎಲ್ಲರೂ ನೀನು ಎಚ್ಚರಿಕೆ ಹೇಳಲಿಲ್ಲವೆಂದೇ ತಿಳಿದಿದ್ದಾರೆ. ನೀನು ಹೇಳಿದ್ದೆ. ಆ ಕಾಗದ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಆ ಸಾಲನ್ನು ಓದದೆ ಬಿಟ್ಟವಳು ನಾನು. ನಿನ್ನ ಕೈ ಯಾರನ್ನೂ ತಿಂದಿಲ್ಲ. ಮತ್ತೆ ಒಲೆ ಹಚ್ಚು. ಬೀಜ ಊರು. ರಂಗಸ್ವಾಮಿಯವರಿಗೆ ನಿನ್ನ ಕೈಯಿಂದಲೇ ಮುದ್ದೆ ಕಟ್ಟಿ ಬಡಿಸು. ನಿನ್ನ ಮನೆ ತುಂಬಿರಲಿ, ಮಕ್ಕಳು ಹೊಟ್ಟೆ ತುಂಬ ಉಣ್ಣಲಿ. ಶಿವ ನಿನ್ನನ್ನು ಕಾಯಲಿ.

ಎಂದೂ ನಿನ್ನವಳಾದ
ನೀಲಾಂಬಿಕೆ

ಸಹಿ ಹಾಕಿ ಮಡಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದುದರಲ್ಲಿ ಒಂದನ್ನು ಬಿಟ್ಟಿದ್ದೇನೆ. ಬಿಟ್ಟು ಓದುವುದು, ಬಿಟ್ಟು ಬರೆಯುವುದು ನನಗೆ ರೂಢಿಯಾಗಿಬಿಟ್ಟಿದೆ.

ಅಂದು ಈಳಿಗೆಮಣೆಯ ಮುಂದೆ ಕೂತಾಗ ನಿನ್ನ ಸಾಲು ನೆನಪಾಯಿತು. ಅತ್ತೆಯವರು ಹಿತ್ತಲಲ್ಲಿದ್ದರು. ಒಂದು ಚೂರು ಕಚ್ಚಿದೆ. ಗಂಟಲವರೆಗೂ ಕಹಿ ಇಳಿಯಿತು. ಸೆರಗಿಗೆ ಉಗುಳಿಕೊಂಡೆ. ಅಷ್ಟರಲ್ಲಿ ಅತ್ತೆಯವರು ಒಳಗೆ ಬಂದರು. ಕಾಯಿ ಬೇಡ ಎಂದರೆ ಯಾಕೆ ಎನ್ನುತ್ತಾರೆ. ಕಹಿ ಎಂದರೆ ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ನಾನು ಸುಮ್ಮನೆ ಹೆಚ್ಚಿದೆ. ಕಹಿ ಕೊಲ್ಲುತ್ತದೆಂದು ತಿಳಿದಿರಲಿಲ್ಲ ಕಣೇ. ಹಾಗಲಕಾಯಿ ತಿನ್ನುವುದಿಲ್ಲವೇ, ಒಂದು ಬೈಗುಳಕ್ಕೆ ಮುಗಿಯುತ್ತದೆ ಎಂದುಕೊಂಡೆ. ಬೆಲ್ಲ, ಹುಣಸೆ ಎರಡರಷ್ಟು ಹಾಕಿದೆ.

ಮೊದಲ ತುತ್ತಿಗೆ ತಲೆಯೆತ್ತಿದಾಗಲೇ ಆ ಹೆಚ್ಚಿನ ಬೆಲ್ಲದಿಂದ ನಾನು ರುಚಿ ನೋಡಿದ್ದೇನೆಂದು ಮಾವನವರಿಗೆ ಗೊತ್ತಾಯಿತು. ಬಡಿಸಿದವಳಿಗೆ ಬೈಗುಳ ಬೀಳಬಾರದೆಂದು ಯಾರಿಗೂ ಕೊಡಬೇಡ ಎಂದರು. ಸಾಯಂಕಾಲ ಎಲ್ಲರೆದುರು ಕೇಳಿದ್ದೂ ಅದಕ್ಕೇ, ನನ್ನ ‘ಇಲ್ಲ’ ಎಲ್ಲರ ಕಿವಿಗೂ ಬೀಳಲೆಂದು. ನಾನು ಅವರ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ಈ ಕಾಗದವನ್ನು ಅಂಚೆಗೆ ಹಾಕುವ ಮೊದಲು ಅತ್ತೆಯವರ ಮುಂದೆ, ಆ ಕಂಬದ ಹತ್ತಿರವೇ ಕೂತು ಓದುತ್ತೇನೆ, ಮೊದಲಿನಿಂದ ಕೊನೆಯವರೆಗೆ. ಓದುವ ಧೈರ್ಯ ಬಾರದಿದ್ದರೆ ಒಲೆಗೆ ಹಾಕುತ್ತೇನೆ. ಇದು ನಿನ್ನ ಕೈ ಸೇರಿದೆಯೆಂದರೆ, ಓದಿದ್ದೇನೆ ಎಂದು ತಿಳಿ.