ಅಂಗೈಗೆ ಹೇಳಿದ್ದು

ಮಾರ್ಚ್ ೪
ಅಕ್ಕನ ತಲೆ ಬಾಚಿ, ಕಣ್ಣು ಕಿವಿ ಎರಡೂ ಇಲ್ಲದವರ ಸೆಂಟರ್‌ಗೆ ಕರ್ಕೊಂಡು ಹೋದೆ. ಬೀಗ ಹಾಗೇ ಇದೆ, ಸರ್ಕಾರದ ಗ್ರಾಂಟ್ ನಿಂತಾಗಿನಿಂದ. ಆದ್ರೂ ದಿನಾ ಹೋಗಿ ಬಾಗಿಲು ಮುಟ್ಟಿ ಬರ್ಬೇಕು, ಇಲ್ಲಾಂದ್ರೆ ಅವಳು ಊಟ ಮುಟ್ಟಲ್ಲ. ಜ್ವರದಲ್ಲಿ ಕಣ್ಣೂ ಹೋಯ್ತು, ಕಿವಿಯೂ ಹೋಯ್ತು. ಹಟಕ್ಕೆ ಮಾತ್ರ ಏನೂ ಕಮ್ಮಿ ಇಲ್ಲ.

ಅಂಗೈಮೇಲೆ ಬೆರಳಾಡಿಸಿ ಮಾತಾಡೋದನ್ನ ಅಕ್ಕನಿಗೂ ನನಗೂ ಕಲಿಸಿದ್ದು ಸೆಂಟರಿನ ಮೇಷ್ಟ್ರು. ಅವರಿಗೂ ಕಾಣ್ತಿರಲಿಲ್ಲ, ಕೇಳ್ತಿರಲಿಲ್ಲ. ಯಾರೇ ಹತ್ತಿರ ಬಂದ್ರೂ ಕೈ ಹಿಡ್ಕೊಂಡು, ಹೆಬ್ಬೆರಳಲ್ಲಿ ಅಂಗೈ ಒತ್ತಿ, ಎರಡು ಸಲ ತಟ್ಟೋರು. ಯಾರು? ಅಂತ.

ಸೆಂಟರ್ ಮುಚ್ಚಿದ ಮೇಲೆ ಅವರನ್ನ ಊರಾಚೆಯ ದೊಡ್ಡ ಸರ್ಕಾರಿ ಹೋಂಗೆ ಹಾಕಿದ್ರು. ಅಲ್ಲೇ ತೀರಿಕೊಂಡ್ರು. ನಿದ್ದೆಯಲ್ಲೇ ಹೋದ್ರು ಅಂತ ಅಕ್ಕನಿಗೆ ಹೇಳಿದೀನಿ.

ಮಾರ್ಚ್ ೬
ನಿದ್ದೆಯಲ್ಲಿ ಅಲ್ಲ. ಆ ಹೋಮಿನ ಆಯಾ ಬಸ್‌ಸ್ಟಾಪಲ್ಲಿ ಸಿಕ್ಕಾಗಲೇ ಹೇಳಿದ್ಲು. ಸಿಕ್ಕಿದವರ ಕೈಯೆಲ್ಲ ಹಿಡಿದು ತಟ್ಟೋರಂತೆ. ಅಲ್ಲಿ ಯಾರಿಗೂ ಆ ಭಾಷೆ ಬರಲ್ಲ. ಹುಚ್ಚು ಅಂತ ಬಟ್ಟೆಯ ಪಟ್ಟಿಯಿಂದ ಎರಡೂ ಕೈ ಮಂಚಕ್ಕೆ ಕಟ್ಟಿದ್ರಂತೆ. ಆಮೇಲೆ ಅವರು ಅನ್ನ ಬಿಟ್ರಂತೆ...

ಇವತ್ತು ಪಾತ್ರೆ ತೊಳೀತಿದ್ದೆ. ಒದ್ದೆ ಅಂಗೈಯನ್ನ ಯಾರೋ ಒತ್ತಿದ ಹಾಗಾಯ್ತು. ಆಮೇಲೆ ಎರಡು ಸಲ. ಅಕ್ಕ ಆಚೆ ರೂಮಲ್ಲಿದ್ಲು. ನರದ ತೊಂದರೆ ಇರ್ಬೇಕು, ಡಾಕ್ಟರಿಗೆ ತೋರಿಸ್ಬೇಕು.

ಮಾರ್ಚ್ ೯
ಗ್ರಾಂಟ್ ಕಮಿಟಿ ಮುಂದೆ ನಾನೇ ಮಾತಾಡ್ಬೇಕಂತೆ. ಸೆಂಟರಿನ ಮಿಕ್ಕ ಮನೆಯವರೆಲ್ಲ ಸೇರಿ ನನ್ನ ಕೊರಳಿಗೆ ಕಟ್ಟಿದ್ರು. ದುಡ್ಡು ಬರದಿದ್ರೆ ಅಕ್ಕನಿಗೂ ಅದೇ ಹೋಂ. ನನ್ನ ರಜೆ ಮುಗೀತಾ ಬಂತು, ಕೆಲಸ ಬಿಟ್ರೆ ಇಬ್ಬರಿಗೂ ಉಪವಾಸ.

ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ಮೊದಲ ಸಾಲೇ ದಾಟಕ್ಕಾಗಲ್ಲ. ಅಷ್ಟರಲ್ಲಿ ಮತ್ತೆ ಅಂಗೈಯಲ್ಲಿ... ನಾನು ಕಣ್ರೀ ಮೇಷ್ಟ್ರೇ ಅಂದುಬಿಟ್ಟೆ, ಜೋರಾಗಿ. ಭಯ ಆಗ್ತಿದೆ.

ಮಾರ್ಚ್ ೧೪, ಸಂಜೆ
ಕಮಿಟಿಗೆ ಅಕ್ಕನ್ನೂ ಕರ್ಕೊಂಡು ಹೋಗಿದ್ದೆ. ಎಲ್ಲರನ್ನೂ ಹೋಮಲ್ಲೇ ಚೆನ್ನಾಗಿ ನೋಡ್ಕೊತಾರಲ್ಲ, ಬೀದಿಗೊಂದು ಸೆಂಟರ್ ಯಾಕೆ ಅಂದ್ರು ಅಧ್ಯಕ್ಷರು. ಮೈಯೆಲ್ಲಾ ಉರಿದುಹೋಯ್ತು. ಅಕ್ಕನ ಕೈ ಬಿಡದೆ ಎದ್ದು ನಿಂತೆ. ಎಲ್ಲಾ ಹೇಳಿದೆ. ಮಂಚ, ಬಟ್ಟೆಯ ಪಟ್ಟಿ, ಅನ್ನ ಬಿಟ್ಟಿದ್ದು, ಒಂದೂ ಬಿಡಲಿಲ್ಲ. ಮುಗಿಸಿ ನೋಡಿದ್ರೆ ಎಲ್ಲರೂ ಪಿಳಿಪಿಳಿ ನೋಡ್ತಿದಾರೆ. ಶುರು ಮಾಡಿ ಮೇಡಂ ಅಂದ್ರು ಗುಮಾಸ್ತರು.

ನಾನು ಬಾಯೇ ಬಿಟ್ಟಿರಲಿಲ್ಲ. ಹೇಳಿದ್ದೆಲ್ಲ ಬೆರಳಲ್ಲಿ — ಅಕ್ಕನ ಅಂಗೈಗೆ.

ಅಕ್ಕ ಎದ್ದಳು. ತನ್ನ ದನಿ ತನಗೇ ಕೇಳದವಳು, ಇಡೀ ಹಾಲ್ ಅದುರೋ ಹಾಗೆ ಕೇಳಿದಳು.

"ಮೇಷ್ಟ್ರ ಕೈ ಕಟ್ಟಿದ್ರಾ? ಅದು ಕೈ ಅಲ್ಲ. ಅದು ಅವರ ಬಾಯಿ."

ಅಧ್ಯಕ್ಷರು ಪೆನ್ನು ಕೆಳಗಿಟ್ಟರು.

ಮಾರ್ಚ್ ೨೯
ಗ್ರಾಂಟ್ ಮಂಜೂರಾಯ್ತು. ಒಂದು ವರ್ಷಕ್ಕೆ ಮಾತ್ರ. ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್.

ಅಕ್ಕನಿಗೆ ಇನ್ನೂ ಹೇಳೋಕಾಗಿಲ್ಲ. ಕಮಿಟಿಗೆ ಹೋದ ದಿನದಿಂದ ಎರಡೂ ಮುಷ್ಟಿ ಬಿಗಿ ಹಿಡಿದೇ ಇದಾಳೆ. ನನಗಂತೂ ಇಲ್ಲ, ಬೇರೆ ಯಾರಿಗೂ ಅಂಗೈ ಕೊಡಲ್ಲ. ಸುಳ್ಳು ಹೇಳಿದ ಬೆರಳು ನನ್ನದು, ಕೋಪ ಇರಲಿ. ಆದ್ರೆ ತುತ್ತು ಬಾಯಿಗಿಡುವಾಗಲೂ ಆ ಮುಷ್ಟಿ ನೋಡ್ಬೇಕಲ್ಲ. ಅಳು ಬರುತ್ತೆ.

ಏಪ್ರಿಲ್ ೧
ಸೆಂಟರ್ ಬೀಗ ತೆಗೆದ್ರು. ಎಲ್ಲಿ ನೋಡಿದ್ರೂ ಧೂಳು. ನಾವಿಬ್ಬರೇ ಮೊದಲು. ಅಕ್ಕ ನೆಟ್ಟಗೆ ಹೋಗಿ ಮೇಷ್ಟ್ರು ಕೂರ್ತಿದ್ದ ಬೆಂಚಲ್ಲಿ ಕೂತಳು, ಅವರ ಜಾಗ ಬಿಟ್ಟು. ನಾನು ಈ ಪಕ್ಕ.

ಮುಷ್ಟಿ ಬಿಚ್ಚಿದಳು. ನನ್ನ ಕಡೆಗಲ್ಲ. ಆ ಖಾಲಿ ಜಾಗದ ಕಡೆಗೆ ಅಂಗೈ ಚಾಚಿದಳು. ಎರಡು ಸಲ ತಟ್ಟಿಸಿಕೊಂಡವಳ ಹಾಗೆ ತಲೆಯಾಡಿಸಿ, ನಾನು ಕಣ್ರೀ, ಮೇಷ್ಟ್ರೇ, ಪಕ್ಕದಲ್ಲಿರೋದು ತಂಗಿ, ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿನ್ನನ್ನೇ ಕೇಳ್ತಿದಾರೆ ಕಣೇ. ಈ ಒಂದು ವರ್ಷ ಆದ್ಮೇಲೆ ಎಲ್ಲಿಗೆ ಅಂತ."

ಒಂದು ವರ್ಷಕ್ಕೆ ಅಂತ ನಾನು ಹೇಳೇ ಇಲ್ಲ. ಇವಳು ಯಾರಿಗೂ ಅಂಗೈ ಕೊಟ್ಟೇ ಇಲ್ಲ. ಹಾಗಾದ್ರೆ ಹೇಳಿದ್ದು ಯಾರು?