ಕಡೀ ಸಾಲಿನ ಬಾಳಿ

ರಾಯಚೂರು,
೧೪ ನವೆಂಬರ್ ೨೦೨೪

ಪ್ರೀತಿಯ ಯಪ್ಪಾ,

ಹೆಂಗದಿ? ಕವಿತಾಳದಾಗ ಸಣ್ಣತ್ತಿ ಮನಿಯಾಗ ಊಟ, ನಿದ್ದಿ ಸರಿ ಆಗಾಕತ್ತಾವಿಲ್ಲ? ಮೊಣಕಾಲಿಗೆ ಎಣ್ಣಿ ಹಚ್ಚಿಸ್ಕೋ, ತಂಗಿ ಮನಿಯಾಗ ನಾಚಬ್ಯಾಡ. ಅವ್ವ ಆರಾಮ ಅದಾಳ, ಆದ್ರ ನಿನ್ನ ಹೆಸರು ತಗದ್ರ ಪಾತ್ರಿ ಕುಕ್ಕತಾಳ. ನೀ ಹೋಗಿ ಹನ್ನೆರಡು ದಿನ ಆತು, ಫೋನ್ ಮಾಡಿದ್ರ ಎತ್ತಂಗಿಲ್ಲ. ಅದಕ್ಕ ಕಾಗದ ಬರಿಯಾಕತ್ತೀನಿ. ಇದನ್ನರ ಅರ್ಧಕ್ಕ ಮಡಚಿ ಇಡಬ್ಯಾಡ.

ನನಗ ಸಿಟ್ಟು ಬಂದದ, ಯಪ್ಪಾ. ಯಾರ ಮ್ಯಾಲ ಅಂತ ತಿಳೀವಲ್ದು. ಹೋದ ವರ್ಷ ಕಲ್ಮಲದ ನಮ್ಮ ತೋಟದಾಗ ಬಾಳಿಗೆ ಗುಚ್ಛ ರೋಗ ಬಂದು, ಎಲಿ ಎಲ್ಲಾ ಮುರುಟಿ ಕಸಬರಗಿ ಹಂಗ ಸುಳಿಯಾಗ ಒತ್ತಿ ನಿಂತಾಗ, ನಾ ಹೇಳಿದೆ ಅಂತ ಮುನ್ನೂರು ಗಿಡ ಬುಡಸಮೇತ ಕಿತ್ತಿ. ಕಡೀ ಸಾಲಿನ ಹದಿನೇಳು ಗಿಡ ಅಷ್ಟ ಎಲಿ ಅಗಲಿಸಿ ನಿಂತಿದ್ವು, ಗೊನಿನೂ ಹಾಕಿದ್ವು. "ಶೈಲಾ, ಇವು ತಡಕೊಂಡಾವ. ನಿಮ್ಮ ಲ್ಯಾಬಿನಾಗ ಒಮ್ಮಿ ನೋಡವ್ವ" ಅಂದಿ. ಹಸಿ ಬಟ್ಟಿಯಾಗ ಎಲಿ ಸುತ್ತಿ ಬಸ್ಸಿನಾಗ ನೀನ ತಂದು ಕೊಟ್ಟಿ. ನಾನು ನೋಡಿ, "ಏನೂ ಇಲ್ಲ, ಇವುಗಳ ಬುಡದ ಮರಿಗಂದು ಕಿತ್ತು ನೆಡಾಕ ಯಾರಿಗೆ ಬೇಕಾದ್ರೂ ಕೊಡು" ಅಂದೆ.

ಈ ರೋಗ ತರೋ ಹಾಳ ವೈರಸ್ಸು ಒಂದ ಇಡೀ ಜಿನಸಲ್ಲ. ಅದರ ವಂಶದ ಬರಹ ಆರು ತುಂಡಾಗಿ, ಬ್ಯಾರೆ ಬ್ಯಾರೆ ಚಿಪ್ಪಿನಾಗ ಇರತದ. ಯಾವ ತುಂಡು ಎಷ್ಟದ ಅನ್ನೋದರ ಮ್ಯಾಲ ಗಿಡ ಎಷ್ಟು ಮುರುಟತದ ಅನ್ನೋದು ಬದಲಾಗಬಹುದು. ನಾ ಹುಡುಕಿದ್ದು ಒಂದ ತುಂಡು. ಆ ಸಾಲಿನಾಗ ಅದ ಭಾಳ ಕಡಿಮಿ ಇತ್ತು, ನನ್ನ ಪರೀಕ್ಷಿಗೆ ಸಿಗಲಿಲ್ಲ. ಈಗ ಮತ್ತ ನೋಡಿದ್ರ ಉಳಿದ ಐದೂ ಅದಾವ. ರೋಗ ಹೋಗಿರಲಿಲ್ಲ, ಸುಮ್ಮನ ಕುಂತಿತ್ತು. ಅವ್ವ, ನಾನು ಕೂಡಿ ಆ ಸಾಲು ಕಿತ್ತು ಹಾಕಿದ್ವಿ.

ಅರಕೇರಾದ ಅಂಬಣ್ಣಗ ನೀನು ಪುಕ್ಕಟ ಕೊಟ್ಟ ಕಂದು ಅಲ್ಲಿ ಪೂರಾ ಮುರುಟಿ ನಿಂತಾವ. ಅವುಗಳ ಎಲಿಯಾಗ ಆರೂ ತುಂಡು ತುಂಬ್ಯಾವ. ರೋಗ ಹಬ್ಬಿಸೋ ಎಲಿ ಹೇನು ಬ್ಯಾರೆ ಗಿಡದಿಂದ ತಂದ್ವೋ, ಒಳಗ ಇದ್ದದ್ದ ಹೆಚ್ಚಾತೋ, ನಮ್ಮ ಲ್ಯಾಬಿನ ಪ್ರಿಯದರ್ಶಿನಿ ಮೇಡಂಗ ಕೇಳಿದ್ರ "ಇನ್ನೂ ನೋಡಬೇಕು" ಅಂತಾರ. ದಿನಾ ಅದ ಮಾತು. ಅಂಬಣ್ಣನ ಹೊಲ ಅಲ್ಲೀತನಕ ಕಾಯತದೇನು?

ಅವನು ನಮ್ಮ ಮನಿ ಮುಂದ ಬಂದು, ಮಂದಿ ಎದುರು "ಮಲ್ಲಯ್ಯ, ಗೊತ್ತಿದ್ದೂ ರೋಗ ಹಂಚಿದಿ" ಅಂತ ಒದರಿದಾಗ ನಾನು ಬಾಗಲದಾಗ ನಿಂತಿದ್ದೆ. "ನನ್ನ ಕಣ್ಣಿಗೆ ಚಲೋ ಕಂಡ್ವು, ಕೊಟ್ಟೆ" ಅಂದಿ. ನನ್ನ ಕಡಿ ತಿರುಗಿನೂ ನೋಡಲಿಲ್ಲ. ಮರುದಿನ ಚೀಲ ಹಿಡಿದು ಹೋದಿ. ಮಗಳ ನೌಕರಿಗೆ ಕಳಂಕ ಬರಬಾರದು ಅಂದೇನು? ನನ್ನ ತಪ್ಪು ಹೊರು ಅಂತ ನಾ ಕೇಳಿದ್ನೇನು? ಆದ್ರ ನಾನೂ ಬಾಯಿ ಬಿಡಲಿಲ್ಲ, ಯಪ್ಪಾ. ಆವತ್ತಿನಿಂದ ಲ್ಯಾಬಿನಾಗ ಒಂದೊಂದು ಎಲಿನೂ ಆರೂ ತುಂಡಿಗೆ ನೋಡಾಕತ್ತೀನಿ.

ಸಣ್ಣತ್ತಿಗೆ ಶರಣು ಹೇಳು. ಸಿಟ್ಟಿನಾಗ ಹೆಚ್ಚುಕಡಿಮಿ ಬರದಿದ್ರ ಹೊಟ್ಟಿಯಾಗ ಹಾಕ್ಕೋ.

ನಿನ್ನ ಮಗಳು,
ಶೈಲಶ್ರೀ

ತಾ.ಕ.: ಹೇಳಬೇಕಾದದ್ದ ಬಿಟ್ಟೆ. ನಿನ್ನೆ ಅರಕೇರಾಕ್ಕ ಹೋಗಿ, ಎಲಿ ನೋಡಿ ಕಂದು ಕೊಡಾಕ ಒಪ್ಪಿಗಿ ಕೊಟ್ಟಾಕಿ ನಾನ ಅಂತ ಅಂಬಣ್ಣಗ ಹೇಳಿ ಬಂದೆ. ಬೈಲಿಲ್ಲ. "ಮತ್ತ ನಿಮ್ಮಪ್ಪ ಯಾಕ ಹೇಳಲಿಲ್ಲ?" ಅಂದ. ಅದನ್ನ ನೀನ ಹೇಳಬೇಕು ಅಂದೆ. ಐತವಾರ ಗಿಡ ಕೀಳತಾನ, ನಾ ಬರತೀನಿ ಅಂದೀನಿ. ನೀನೂ ಗುದ್ದಲಿ ತಗೊಂಡು ಬಾ.